ಮೈಕಕ್ಕನ ನೋವಿಲ್ಲದ ಪಾದ

ಬಸ್ ನಿಲ್ದಾಣದ ಎದುರಿನ ರಸ್ತೆ ದಾಟಿದರೆ, ಔಷಧಿ ಅಂಗಡಿಗೂ ಕೊಡೆ ರಿಪೇರಿಯವನಿಗೂ ನಡುವೆ ಒಂದು ಟೇಲರ್ ಅಂಗಡಿಯಿದೆ. ಒಂದು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಗೋಡೆಗೊರಗಿದ ಉದ್ದನೆಯ ಕನ್ನಡಿ, ಇಷ್ಟಕ್ಕೇ ಅದು ತುಂಬಿಹೋಗಿದೆ. ಅಲ್ಲಿ ಕೂತು ಹೊಲಿಯುವ ಟೇಲರಮ್ಮ ಗಡಿಯಾರ ಇಟ್ಟುಕೊಂಡಿಲ್ಲ. ನಿಲ್ದಾಣದ ಧ್ವನಿವರ್ಧಕವೇ ಅವಳ ಗಡಿಯಾರ.

"ಹತ್ತು ಇಪ್ಪತ್ತರ ಬಸ್ಸು ನಾಲ್ಕನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ. ಯಾರೂ ಓಡಬೇಡಿ. ಬಸ್ಸು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ."

ಕೊನೆಯ ಎರಡು ಮಾತು ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲ. ಅವು ದನಿಯ ಒಡತಿಯ ಸ್ವಂತ ಸೇರ್ಪಡೆ. ಆ ಒಡತಿ ಟೇಲರಮ್ಮನ ಸ್ವಂತ ಅಕ್ಕ. ನಿಲ್ದಾಣದವರೆಲ್ಲ ಅವಳನ್ನು ಮೈಕಕ್ಕ ಎನ್ನುತ್ತಾರೆ.

ಇಪ್ಪತ್ತೈದು ವರ್ಷ ಮೈಕಕ್ಕ ವಿಚಾರಣೆ ಕೋಣೆಯ ಒಂದೇ ಕುರ್ಚಿಯಲ್ಲಿ ಕೂತಳು. ಕಿಟಕಿ ಎತ್ತರದಲ್ಲಿತ್ತು. ಹೊರಗಿನವರಿಗೆ ಅವಳ ಹಣೆ, ಕನ್ನಡಕ ಮಾತ್ರ ಕಾಣುತ್ತಿತ್ತು. ದನಿ ತೆಳ್ಳಗೆ, ತಂಪಾಗಿ, ಇಪ್ಪತ್ತರ ಹುಡುಗಿಯ ಹಾಗೆ. ಅದನ್ನು ಕೇಳಿದವರು ಅದಕ್ಕೆ ತಕ್ಕ ಮೈಯನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. ಅವಳು ಬಾಗಿಲು ತೆರೆದು ಹೊರಬಂದ ದಿನ ಅವರ ಮುಖದಲ್ಲಿ ಆ ಮೈ ಕುಸಿದು ಬೀಳುವುದು ಅವಳಿಗೆ ಕಾಣುತ್ತಿತ್ತು. ಒಬ್ಬ ಮುದುಕ ನೇರವಾಗಿ ಕೇಳಿಯೂ ಇದ್ದ: "ಮೈಕಲ್ಲಿ ಮಾತಾಡೋ ಹುಡುಗಿ ಇವತ್ತು ರಜಾನಾ?"

"ಹೌದು ಅಜ್ಜ, ರಜಾ" ಎಂದಿದ್ದಳು ಮೈಕಕ್ಕ.

ನಲವತ್ತೈದು ದಾಟಿ ಮುಟ್ಟು ನಿಂತ ಮೇಲೆ ಮೈ ಇನ್ನಷ್ಟು ಬಂತು. ಅನ್ನ ಅರ್ಧ ಮಾಡಿದರೂ ಬಂತು, ಬಿಟ್ಟರೂ ಬಂತು. ಟಿಕೆಟ್ ತಪಾಸಣೆಯ ಮುದುಕನೊಬ್ಬನಿದ್ದ. ಕಂಡಕ್ಟರ್ ಆಗಿದ್ದಾಗಿನ ಚಾಳಿಯಿಂದ ಪ್ರತಿ ಮಾತಿನ ಕೊನೆಗೂ 'ರೈಟ್ ರೈಟ್' ಅನ್ನುತ್ತಿದ್ದುದರಿಂದ ಅವನಿಗೆ ಅದೇ ಹೆಸರಾಗಿತ್ತು. ಅವನು ಒಮ್ಮೆ ಎಲ್ಲರೆದುರು, "ಮೈಕಕ್ಕ ಬಸ್ ಹತ್ತಿದ್ರೆ ಬೆಲ್ ಹೊಡೀಬೇಕೋ, ಕ್ರೇನ್ ಕರೀಬೇಕೋ? ರೈಟ್ ರೈಟ್" ಅಂದ. ಐದು ನಿಮಿಷದಲ್ಲಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಧ್ವನಿವರ್ಧಕ ನುಡಿಯಿತು: "ತಪಾಸಣೆಯವರು ಎಲ್ಲಿದ್ದರೂ ಬರಬೇಕು. ಅವರ ಬುದ್ಧಿ ವಿಚಾರಣೆ ಕೋಣೆಯ ಮುಂದೆ ಬಿದ್ದು ಸಿಕ್ಕಿದೆ. ಗುರುತು ಹೇಳಿ ತೆಗೆದುಕೊಂಡು ಹೋಗಬೇಕು."

ಎದುರಿನ ಅಂಗಡಿಯಲ್ಲಿ ಟೇಲರಮ್ಮ ಹೊಲಿಗೆ ನಿಲ್ಲಿಸಿ ನಕ್ಕಳು. ಸಂಜೆ ಅಕ್ಕ ಮನೆಗೆ ಬಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದನ್ನು ಅವಳೊಬ್ಬಳೇ ನೋಡಿದಳು.

ಆಸ್ಪತ್ರೆಯೆಂದರೆ ಮೈಕಕ್ಕನಿಗೆ ಆಗುತ್ತಿರಲಿಲ್ಲ. ಮಂಡಿನೋವೆಂದು ಹೋದರೆ ಡಾಕ್ಟರು ತಲೆಯೆತ್ತದೆ 'ಮೊದಲು ತೂಕ ಇಳಿಸಿ' ಅಂದರು. ಕೆಮ್ಮಿಗೂ ಅದನ್ನೇ ಅಂದರು. ಕಿವಿನೋವಿಗೆ ಹೋದಾಗಲೂ ತೂಕದ ಯಂತ್ರ ಹತ್ತಿಸಿದರು.

"ಕಿವಿಯಲ್ಲಿ ಎಷ್ಟು ಕಿಲೋ ಇದೆ ಅಂತ ಕೇಳ್ಬೇಕಿತ್ತು ಕಣೇ" ಎಂದು ಮನೆಗೆ ಬಂದು ತಂಗಿಗೆ ಹೇಳಿದಳು. ಆಮೇಲೆ ಆರು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಪಾದದ ಮೇಷ್ಟ್ರ ಸುದ್ದಿ ತಂದವಳು ಟೇಲರಮ್ಮನೇ. ಇದನ್ನು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಬಟ್ಟೆ ಅಳತೆ ಕೊಡಲು ಬಂದ ಗಿರಾಕಿಯೊಬ್ಬಳ ಸೊಂಟ ಮೂರು ತಿಂಗಳಲ್ಲಿ ಮೂರಿಂಚು ಇಳಿದಿತ್ತು. ಟೇಪು ಸುಳ್ಳು ಹೇಳುವುದಿಲ್ಲವಲ್ಲ. ಏನು ಮಾಡಿದಿರಿ ಎಂದರೆ, ಸೈಕಲ್ ಅಂಗಡಿಯ ಮೇಲಿನ ಹಜಾರದಲ್ಲಿ ಪಾದದ ವ್ಯಾಯಾಮ ಎಂದಳು.

ಮೇಷ್ಟ್ರು ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಬೆನ್ನು ಈಗಲೂ ಕೋಲಿನಷ್ಟು ನೆಟ್ಟಗೆ. ಹಜಾರದ ಗೋಡೆಗೆ ಎರಡಾಳೆತ್ತರದ ಎರಡು ಅಂಗಾಲಿನ ಚಿತ್ರ ತೂಗುಹಾಕಿದ್ದರು. ಹೆಬ್ಬೆರಳಿನ ಬುಡದಲ್ಲಿ ಥೈರಾಯ್ಡ್, ನಡುಪಾದದಲ್ಲಿ ಇನ್ನೊಂದು ಗ್ರಂಥಿ, ಹಿಮ್ಮಡಿಯ ಪಕ್ಕದಲ್ಲಿ ಮತ್ತೊಂದು. ದೇಹ ದಪ್ಪವಾಗುವುದು ಊಟದಿಂದಲ್ಲ, ಹಾರ್ಮೋನು ದಾರಿ ತಪ್ಪಿದ್ದರಿಂದ. ಹಾರ್ಮೋನಿನ ಬೀಗದ ಕೈಯೆಲ್ಲ ಅಂಗಾಲಿನಲ್ಲಿದೆ. ಇದು ಅವರ ಪಾಠ. ಹಿಮ್ಮಡಿ ಎತ್ತಿ ಇಳಿಸುವುದು, ಕಾಲ್ಬೆರಳಲ್ಲಿ ಟವೆಲು ಹಿಡಿದೆಳೆಯುವುದು, ಮರದ ಗುಬಟುಗಳಿದ್ದ ಮಣೆಯ ಮೇಲೆ ನಿಲ್ಲುವುದು. ಮೊದಲ ದಿನ ಮಣೆ ಹತ್ತಿದ ಮೈಕಕ್ಕ ಹಲ್ಲು ಕಚ್ಚಿ ಕಣ್ಣೀರು ಹಾಕಿದಳು.

"ಒಳ್ಳೇದು" ಎಂದರು ಮೇಷ್ಟ್ರು. "ಎಲ್ಲಿ ನೋವಿದೆಯೋ ಅಲ್ಲಿ ಗಂಟಿದೆ. ನೋವು ಹೋದ ದಿನ ಗಂಟು ಬಿಚ್ಚಿತು ಅಂತ ಲೆಕ್ಕ."

"ನಾನು ಪೂರ್ತಿ ಗಂಟೇ ಮೇಷ್ಟ್ರೇ" ಎಂದಳು ಮೈಕಕ್ಕ.

ಮೇಷ್ಟ್ರು ಪ್ರತಿಯೊಬ್ಬರಿಗೂ ಎರಡು ಅಂಗಾಲು ಅಚ್ಚು ಹಾಕಿದ ಒಂದು ಹಾಳೆ ಕೊಡುತ್ತಿದ್ದರು. ದಿನಾ ಸಂಜೆ ಮನೆಯವರು ಯಾರಾದರೂ ಒಂದೊಂದೇ ಜಾಗ ಒತ್ತಿ ನೋಡಬೇಕು. ನೋವಿದ್ದಲ್ಲಿ ಕೆಂಪು ಚುಕ್ಕೆ, ನೋವಿಲ್ಲದಲ್ಲಿ ನೀಲಿ. ಒತ್ತುವುದಕ್ಕೆ ಟೇಲರಮ್ಮ ದಾರ ಮುಗಿದ ಮರದ ರೀಲೊಂದನ್ನು ತೆಗೆದಿಟ್ಟಳು. ಚುಕ್ಕೆ ಇಡುವುದಕ್ಕೆ ಅವಳ ಬಣ್ಣದ ಸೀಮೆಸುಣ್ಣವಿತ್ತು.

ಆರು ಗಂಟೆಗೆ ಮೈಕಕ್ಕನ ಸರದಿ ಮುಗಿಯುತ್ತಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು, ಅಕ್ಕ ಗಿರಾಕಿಗಳ ಬೆಂಚಿನ ಮೇಲೆ, ತಂಗಿ ಕೆಳಗೆ ಚಾಪೆಯ ಮೇಲೆ. ಅಕ್ಕನ ಕಾಲು ತಂಗಿಯ ಮಡಿಲಲ್ಲಿ. ತಂಗಿಯ ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರೂ ಹೀಗೆ ಎದುರುಬದುರು ಕೂತಿದ್ದೇ ಇಲ್ಲ. ಈಗ ದಿನಕ್ಕೆ ಅರ್ಧ ಗಂಟೆ ಸಿಕ್ಕಿತು. ರೀಲು ಉರುಳಿಸುತ್ತಾ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು.

"ಇಲ್ಲಿ?"

"ಅಯ್ಯೋ, ಸಾಯಿಸ್ತೀಯಾ?"

"ಕೆಂಪು. ಇಲ್ಲಿ?"

"ಅಲ್ಲಿ ಬರೀ ಉರಿ."

"ಉರಿಗೆ ಯಾವ ಬಣ್ಣ ಅಂತ ಮೇಷ್ಟ್ರು ಹೇಳಿಲ್ಲ."

"ಹಾಗಾದ್ರೆ ಅರ್ಧ ಕೆಂಪು ಹಾಕೇ. ನೀನೊಬ್ಬಳು, ಚಿಕ್ಕಂದಿನಿಂದ ನನ್ನ ಮೇಲೆ ಸೇಡು ತೀರಿಸ್ಕೊಳ್ಳೋಕೆ ಒಂದು ಕಾಲು ಸಿಕ್ಕಿರಲಿಲ್ಲ ನಿನಗೆ, ಈಗ ಸಿಕ್ತು."

ಎರಡನೇ ತಿಂಗಳಲ್ಲಿ ತೂಕ ಇಳಿಯತೊಡಗಿತು. ಟೇಲರಮ್ಮ ಅಕ್ಕನ ಸಮವಸ್ತ್ರದ ಕೋಟನ್ನು ಎರಡೂ ಪಕ್ಕ ಒಂದೊಂದಿಂಚು ಬಿಗಿ ಮಾಡಿದಳು. ನಾಲ್ಕನೇ ತಿಂಗಳಲ್ಲಿ ಮತ್ತೆ. ಹೆಚ್ಚಾದ ಬಟ್ಟೆಯನ್ನು ಅವಳು ಕತ್ತರಿಸುವುದಿಲ್ಲ, ಒಳಗೇ ಮಡಿಸಿ ಬಿಡುತ್ತಾಳೆ. ಅದು ಅವಳ ಕಸುಬಿನ ಪಾಠ. ಮೈ ನಂಬುವಂಥದ್ದಲ್ಲ, ಯಾವಾಗ ಬೇಕಾದರೂ ತಿರುಗಿ ಬರುತ್ತದೆ. ಆದರೆ ಆರನೇ ತಿಂಗಳಲ್ಲಿ ಕೋಟಿನೊಳಗೆ ಮಡಿಕೆಯ ಮೇಲೆ ಮಡಿಕೆ ಕೂತು ಪಕ್ಕೆಯ ಹತ್ತಿರ ಉಬ್ಬಿ ಕಾಣತೊಡಗಿತು.

"ಕತ್ತರಿಸಿಬಿಡೇ" ಎಂದಳು ಅಕ್ಕ, ಕನ್ನಡಿಯೆದುರು ಮೈ ತಿರುಗಿಸುತ್ತಾ. "ಆ ಹೆಂಗಸು ಇನ್ನು ಬರಲ್ಲ."

ಟೇಲರಮ್ಮ ಕತ್ತರಿಸಿದಳು.

ಅಕ್ಕ ಈಗ ನೀರು ಬಹಳ ಕುಡಿಯುತ್ತಿದ್ದಳು. ಮೈಕಿನ ಪಕ್ಕದಲ್ಲಿ ಎರಡು ಬಾಟಲಿ ಇಟ್ಟುಕೊಂಡರೂ ಸಾಲುತ್ತಿರಲಿಲ್ಲ. ಗಂಟೆಗೊಮ್ಮೆ ಏಳಬೇಕಾಗುತ್ತಿತ್ತು. ಕೊಬ್ಬು ಕರಗಿದರೆ ಹೊರಗೆ ಹೋಗಬೇಕಲ್ಲ ಎಂದರು ಮೇಷ್ಟ್ರು. ಮಧ್ಯಾಹ್ನಕ್ಕೇ ಸುಸ್ತು. ಇಷ್ಟು ತೂಕ ಇಳಿದರೆ ಸುಸ್ತಾಗದೆ ಇರುತ್ತದೆಯೇ. ಬಸ್ಸಿನ ಬೋರ್ಡು ಮಸುಕಾಗಿ ಕಾಣುತ್ತಿತ್ತು. ಕನ್ನಡಕಕ್ಕೆ ವಯಸ್ಸಾಗಿದೆ ಎಂದು ಅಕ್ಕನೇ ನಕ್ಕಳು. ಒಂದೊಂದಕ್ಕೂ ಒಂದೊಂದು ಕಾರಣವಿತ್ತು. ಎಲ್ಲ ಕಾರಣಗಳೂ ಸಂತೋಷದವು.

ಅಂಗಾಲಿನ ಹಾಳೆಯಲ್ಲಿ ನೀಲಿ ಹೆಚ್ಚುತ್ತಾ ಬಂತು. ಮೊದಲು ಬೆರಳುಗಳ ತುದಿ, ಆಮೇಲೆ ಬೆರಳ ಬುಡ, ಆಮೇಲೆ ನಡುಪಾದ. ಏಳನೇ ತಿಂಗಳ ಒಂದು ಸಂಜೆ ಟೇಲರಮ್ಮ ರೀಲನ್ನು ಎಲ್ಲಿ ಒತ್ತಿದರೂ ಅಕ್ಕ 'ಇಲ್ಲ' ಅಂದಳು. ಬಲವಾಗಿ ಒತ್ತಿದಳು. ಇಲ್ಲ. ಎರಡೂ ಪಾದ ಪೂರ್ತಿ ನೀಲಿ.

ಮರುದಿನ ಹಜಾರದಲ್ಲಿ ಮೇಷ್ಟ್ರು ಆ ಹಾಳೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಚಪ್ಪಾಳೆ ಬಿತ್ತು. ಮೈಕಕ್ಕ ಗುಬಟಿನ ಮಣೆಯ ಮೇಲೆ ಹತ್ತು ನಿಮಿಷ, ನುಣ್ಣನೆಯ ನೆಲದ ಮೇಲೆ ನಿಂತವಳಂತೆ ನಿಂತು ತೋರಿಸಿದಳು. ಟೇಲರಮ್ಮ ಸಿಹಿ ಹಂಚಿದಳು. ಅಕ್ಕನೂ ಎರಡು ತಿಂದಳು.

ಅದೇ ವಾರ ಡಿಪೋದಿಂದ ಪತ್ರ ಬಂತು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಸನ್ಮಾನ, ವೇದಿಕೆಯ ಮೇಲೆ, ಎಲ್ಲರೆದುರು. ಹಿಂದಿನ ಮೈಕಕ್ಕನಾಗಿದ್ದರೆ ಜ್ವರದ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಿದ್ದಳು. ಈಗ ಪತ್ರವನ್ನು ನಾಲ್ಕು ಸಲ ಓದಿ, "ಹೊಸ ಕೋಟು ಹೊಲಿದುಕೊಡ್ತೀಯಾ?" ಎಂದು ಕೇಳಿದಳು. ಕೇಳುವಾಗ ತಂಗಿಯ ಮುಖ ನೋಡಲಿಲ್ಲ.

ಹೊಸ ಕೋಟಿನ ಅಳತೆ ನೋಡಿದ್ದು ಸಮಾರಂಭಕ್ಕೆ ಒಂಬತ್ತು ದಿನ ಮುಂಚೆ, ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಡುವ ಮೊದಲು. ಅಕ್ಕ ಬರಿಗಾಲಲ್ಲಿ ಕನ್ನಡಿಯೆದುರು ನಿಂತಿದ್ದಳು. ಟೇಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ತೋಳು, ಪಕ್ಕೆ, ಅಂಚು ಎಂದು ಸಿಕ್ಕಿಸುತ್ತಾ ಹೋದಳು. ಒಂದು ಕೆಳಗೆ ಬಿತ್ತು. ಹುಡುಕಿದಳು, ಸಿಗಲಿಲ್ಲ. ಗಿರಾಕಿ ಕರೆದರು, ಮರೆತಳು.

ಸಂಜೆ ಆರೂವರೆಗೆ ಅಕ್ಕನ ಬಲಗಾಲನ್ನು ಮಡಿಲಿಗೆ ತೆಗೆದುಕೊಂಡಾಗ ಹೆಬ್ಬೆರಳಿನ ಬುಡದಲ್ಲಿ ಏನೋ ಹೊಳೆಯಿತು. ಹಸಿರು ಗಾಜಿನ ಸಣ್ಣ ಗುಂಡು. ಅವಳ ಪಿನ್ನಿನ ತಲೆ. ಪಿನ್ನು ಪೂರ್ತಿ ಒಳಗಿತ್ತು. ಅಕ್ಕ ಅದರ ಮೇಲೆ ಶೂ ಹಾಕಿಕೊಂಡು, ರಸ್ತೆ ದಾಟಿ, ಇಡೀ ದಿನ ಓಡಾಡಿ, ಮತ್ತೆ ರಸ್ತೆ ದಾಟಿ ಬಂದಿದ್ದಳು.

"ಅಕ್ಕಾ, ನೋವಾಗಲಿಲ್ವಾ?"

"ಏನು?"

ಟೇಲರಮ್ಮ ಪಿನ್ನು ಎಳೆದು ತೋರಿಸಿದಳು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು. "ನೋಡೇ, ಪಾದ ಎಷ್ಟು ಗಟ್ಟಿಯಾಗಿದೆ." ಆ ನಗು ಅರ್ಧದಲ್ಲೇ ನಿಂತಿದ್ದನ್ನು ತಂಗಿ ಗಮನಿಸಿದಳು.

ಮರುದಿನ ಅವಳು ಒಬ್ಬಳೇ ಮೇಷ್ಟ್ರ ಹತ್ತಿರ ಹೋದಳು. ಪಿನ್ನಿನ ಮಾತು ಕೇಳುತ್ತಿದ್ದಂತೆ ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಇದು ನಾನು ಹೇಳೋ ವಾಸಿ ಅಲ್ಲಮ್ಮ" ಎಂದರು. "ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ರಕ್ತ ಪರೀಕ್ಷೆ ಮಾಡಿಸಿ."

ಅವಳು ಬಂದು ಅಕ್ಕನಿಗೆ ಹೇಳಿದಳು. ಅಕ್ಕ ಹಟಕ್ಕೆ ಬೀಳಲಿಲ್ಲ, ಕೂಗಲಿಲ್ಲ. "ಸಮಾರಂಭ ಮುಗೀಲಿ. ಎಂಟು ದಿನ. ಈಗ ಹೋದ್ರೆ ಬ್ಯಾಂಡೇಜ್ ಸುತ್ತಿ ಮಲಗಿಸ್ತಾರೆ. ಇಪ್ಪತ್ತೈದು ವರ್ಷ ಆ ಕಿಟಕಿ ಹಿಂದೆ ಕೂತಿದೀನಿ. ಒಂದು ಸಲ ಎಲ್ಲರೆದುರು ನಿಲ್ತೀನಿ. ಆಮೇಲೆ ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ ಬರ್ತೀನಿ" ಎಂದಳು.

ಎಳೆದುಕೊಂಡು ಹೋಗಬಹುದಿತ್ತು. ಟೇಲರಮ್ಮ ಹೋಗಲಿಲ್ಲ. ಬದಲಿಗೆ ದಿನಾ ಗಾಯ ತೊಳೆದು ಹತ್ತಿ ಇಟ್ಟು ಕಟ್ಟಿದಳು. ಐದನೇ ದಿನ ಗಾಯದ ಸುತ್ತ ಚರ್ಮ ಕಪ್ಪಾಗಿ ಮೆತ್ತಗಾಯಿತು. ವಾಸನೆ ಬಂತು. ಅಕ್ಕನಿಗೆ ನೋವಿರಲಿಲ್ಲ. ನೋವಿಲ್ಲ ಎಂಬ ಮಾತನ್ನೇ ಇಬ್ಬರೂ ಗಟ್ಟಿಯಾಗಿ ಹಿಡಿದುಕೊಂಡರು. ಸಮಾರಂಭದ ಬೆಳಿಗ್ಗೆ ಊದಿದ ಪಾದ ಹೊಸ ಶೂಗೆ ಹಿಡಿಸದಿದ್ದಾಗ, ಟೇಲರಮ್ಮ ತನ್ನ ಕತ್ತರಿಯಿಂದ ಶೂವಿನ ಒಳಗಿನ ಅಸ್ತರನ್ನು ಕತ್ತರಿಸಿ ತೆಗೆದು ಜಾಗ ಮಾಡಿಕೊಟ್ಟಳು.

ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಮೈಕಕ್ಕ ಕೂರಲಿಲ್ಲ. ಮುಕ್ಕಾಲು ಗಂಟೆ ನಿಂತೇ ಇದ್ದಳು. ನೀಲಿ ಕೋಟು ಮೈಗೆ ಅಂಟಿದಂತೆ ಕೂತಿತ್ತು. ಮಾತಾಡಬೇಕೆಂದು ಮೈಕು ಕೊಟ್ಟಾಗ ಅವಳು ಹೇಳಿದ್ದು ಇಷ್ಟೇ: "ಯಾರೂ ಓಡಬೇಡಿ. ಬಸ್ಸು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ರೈಟ್ ರೈಟ್ ಮುದುಕ ಮುಂದೆ ಬಂದು, "ಇಷ್ಟು ವರ್ಷ ದನಿ ಕೇಳಿ ಬಸ್ ಬಿಟ್ವಿ, ಇವತ್ತು ಆಳನ್ನ ನೋಡಿದ್ವಿ. ನನ್ನ ಬುದ್ಧಿ ಆವತ್ತು ನಿಮ್ಮ ಹತ್ರಾನೇ ಉಳ್ಕೊಂಡಿತ್ತು ಅಕ್ಕ, ವಾಪಸ್ ಕೊಟ್ಟುಬಿಡಿ" ಅಂದ. ರೈಟ್ ರೈಟ್ ಅನ್ನುವುದನ್ನು ಮರೆತ. ಮೈಕಕ್ಕ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮೂರನೇ ಸಾಲಿನಲ್ಲಿ ಕೂತ ಟೇಲರಮ್ಮ ಅಕ್ಕನ ಮುಖ ನೋಡಲಿಲ್ಲ. ಅವಳ ಕಣ್ಣು ಬಲಗಾಲಿನ ಕಾಲುಚೀಲದ ಮೇಲೆ ಕೀಲಿಸಿತ್ತು. ಅದು ಶೂವಿನ ಅಂಚಿನಲ್ಲಿ ಒದ್ದೆಯಾಗುತ್ತಿತ್ತು.

ಮರುದಿನ ಮಧ್ಯಾಹ್ನ ಜ್ವರ ಏರಿತು. ಆಸ್ಪತ್ರೆಗೆ ಕರೆದೊಯ್ಯುವಾಗ ಮೇಷ್ಟ್ರೂ ಜೊತೆಗೆ ಬಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತೂಕದ ಯಂತ್ರ ತೋರಿಸುವ ಮೊದಲೇ ಮೈಕಕ್ಕ, ಮೈ ಸುಡುತ್ತಿದ್ದರೂ ತಂಗಿಯ ಭುಜ ಹಿಡಿದು ಒಂಟಿಗಾಲಲ್ಲಿ ಹೋಗಿ ಅದನ್ನು ಹತ್ತಿದಳು.

"ಇಪ್ಪತ್ತಾರು ಕಿಲೋ ಇಳಿದಿದೀನಿ ಡಾಕ್ಟ್ರೇ. ಎಂಟು ತಿಂಗಳಲ್ಲಿ."

"ಹೇಗೆ ಇಳಿಸಿದ್ರಿ?"

ಮೈಕಕ್ಕ ಎಲ್ಲವನ್ನೂ ಹೇಳಿದಳು. ಮಣೆ, ಟವೆಲು, ರೀಲು, ಕೆಂಪು, ನೀಲಿ. ನೀರು ಕುಡಿದದ್ದು. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಕೇಳಿ ಮುಗಿದ ಮೇಲೆ ನೈಲಾನ್ ಎಳೆಯೊಂದನ್ನು ಕೈಗೆ ತೆಗೆದುಕೊಂಡು, "ಕಣ್ಣು ಮುಚ್ಕೊಳ್ಳಿ. ಮುಟ್ಟಿದ್ದು ಗೊತ್ತಾದ ಕೂಡ್ಲೆ ಹೂಂ ಅನ್ನಿ" ಎಂದರು.

ಮೈಕಕ್ಕ ಕಣ್ಣು ಮುಚ್ಚಿ ಕಾದಳು. ಎಡಗಾಲಿನಲ್ಲಿ ಹತ್ತು ಜಾಗ, ಬಲಗಾಲಿನಲ್ಲಿ ಗಾಯ ಬಿಟ್ಟು ಉಳಿದಷ್ಟು ಜಾಗ. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ.

"ಶುರು ಮಾಡಿ ಡಾಕ್ಟ್ರೇ" ಎಂದಳು ಸ್ವಲ್ಪ ಹೊತ್ತಿಗೆ.

ಡಾಕ್ಟರು ಎಳೆಯನ್ನು ಆಗಲೇ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು.

ಸಕ್ಕರೆ ಕಾಯಿಲೆ. ಯಾವ ವರ್ಷದಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ಡಾಕ್ಟರು ಹೊರಗೆ ಬೆಂಚಿನ ಮೇಲೆ ಟೇಲರಮ್ಮನ ಪಕ್ಕ ಕೂತು ಬಿಡಿಸಿ ಹೇಳಿದರು. ಪಾದದ ವ್ಯಾಯಾಮದಿಂದ ಕೆಡುಕಾಗಲಿಲ್ಲ, ಆದರೆ ತೂಕ ಇಳಿದದ್ದೂ ಅದರಿಂದಲ್ಲ. ತಿಂದದ್ದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತಿತ್ತು. ಕಾಲಿನ ನರಗಳು ಮೊದಲು ಉರಿದವು, ಆಮೇಲೆ ಸತ್ತವು.

"ಹಾರ್ಮೋನ್ ಅಂದಿದ್ದು ಪೂರ್ತಿ ಸುಳ್ಳಲ್ಲ" ಎಂದರು ಡಾಕ್ಟರು, ಮೇಷ್ಟ್ರ ಕಡೆ ನೋಡದೆ. "ಇನ್ಸುಲಿನ್ನೂ ಹಾರ್ಮೋನೇ. ಅದರ ಕೆಲಸ ಕೆಟ್ಟಿತ್ತು. ಅದನ್ನ ರಕ್ತದಲ್ಲಿ ನೋಡಬೇಕು, ಅಂಗಾಲಲ್ಲಿ ಅಲ್ಲ."

ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು. ಅವರ ಬೆನ್ನು ಬಾಗಿದ್ದನ್ನು ಟೇಲರಮ್ಮ ನೋಡಿದ್ದು ಅಂದೇ ಮೊದಲು. "ನಾನು ಸುಳ್ಳು ಹೇಳಲಿಲ್ಲಮ್ಮ. ನನಗೆ ಅಷ್ಟೇ ಗೊತ್ತಿತ್ತು" ಎಂದರು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಪಿನ್ನು ಅವಳದು, ಎಂಟು ದಿನವೂ ಅವಳದು.

ಮೊದಲು ಎರಡು ಬೆರಳು ತೆಗೆದರು. ಹನ್ನೆರಡು ದಿನ ಬಿಟ್ಟು, ಮಂಡಿಯಿಂದ ಒಂದು ಗೇಣು ಕೆಳಗೆ, ಕಾಲನ್ನೇ ತೆಗೆದರು.

ನಿಲ್ದಾಣದಲ್ಲಿ ನಾಲ್ಕು ತಿಂಗಳು ಬೇರೆ ಯಾರದೋ ದನಿ ಇತ್ತು. ಹೊತ್ತು ಸರಿಯಾಗಿ ಹೇಳುತ್ತಿತ್ತು. ಓಡಬೇಡಿ ಅನ್ನುತ್ತಿರಲಿಲ್ಲ. ಆ ನಾಲ್ಕು ತಿಂಗಳು ಟೇಲರಮ್ಮ ಹೊಲಿಗೆ ಯಂತ್ರದ ಪಕ್ಕ ಒಂದು ಕೈಗಡಿಯಾರ ಇಟ್ಟುಕೊಂಡಿದ್ದಳು. ಮೇಷ್ಟ್ರು ಹಜಾರದ ಚಿತ್ರಗಳನ್ನು ಸುತ್ತಿಟ್ಟರು. ಹಿಮ್ಮಡಿ ಎತ್ತಿಸುವುದು ಬಿಟ್ಟಿಲ್ಲ. ಆದರೆ ಹೊಸದಾಗಿ ಬಂದವರು ರಕ್ತ ಪರೀಕ್ಷೆಯ ಚೀಟಿ ತರದೆ ಒಳಗೆ ಕಾಲಿಡುವಂತಿಲ್ಲ.

ಮೈಕಕ್ಕ ಕೆಲಸಕ್ಕೆ ಮರಳಿದಳು. ಗಾಲಿ ಕುರ್ಚಿಯನ್ನು ಹಿಂಬಾಗಿಲಿನಿಂದ ಒಳಗೆ ತಳ್ಳಿಕೊಂಡು ಹೋಗುವವನು ರೈಟ್ ರೈಟ್ ಮುದುಕ. ಕಿಟಕಿ ಎತ್ತರವಿದೆ. ಹೊರಗಿನವರಿಗೆ ಹಣೆ, ಕನ್ನಡಕ ಮಾತ್ರ ಕಾಣುತ್ತದೆ. ದನಿ ಇಪ್ಪತ್ತರ ಹುಡುಗಿಯದೇ.

ಇನ್ಸುಲಿನ್ ಚುಚ್ಚತೊಡಗಿದ ಮೇಲೆ ತಿಂದದ್ದು ಮೈಗೆ ಹತ್ತಿತು, ಮೈ ತಿರುಗಿ ಬಂತು. ಕೋಟು ಪಕ್ಕೆಯಲ್ಲಿ ಹಿಡಿಯಿತು. "ಸ್ವಲ್ಪ ಬಿಚ್ಚೇ" ಎಂದಳು ಅಕ್ಕ ಒಂದು ದಿನ. ಟೇಲರಮ್ಮ ಹಳೆಯ ಕೋಟನ್ನು ತಿರುಗಿಸಿ ಹೊಲಿಗೆಯ ಒಳಭಾಗ ನೋಡಿದಳು. ಒಂದು ಬೆರಳಷ್ಟೂ ಬಟ್ಟೆ ಇರಲಿಲ್ಲ. ಕತ್ತರಿಸಿದ್ದು ಇಬ್ಬರಿಗೂ ನೆನಪಾಯಿತು. ಕೊನೆಗೆ ಬೇರೆ ನೀಲಿ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದಳು. ಬಣ್ಣ ಸರಿಯಾಗಿ ಕೂಡಲಿಲ್ಲ.

"ಬಿಡು, ಕಿಟಕಿಯಿಂದ ಕಾಣಲ್ಲ" ಎಂದಳು ಅಕ್ಕ.

ಸಂಜೆ ಆರಕ್ಕೆ ಈಗಲೂ ಅಂಗಡಿಯ ಬಾಗಿಲು ಅರ್ಧ ಮುಚ್ಚುತ್ತದೆ. ಅಕ್ಕ ಗಾಲಿ ಕುರ್ಚಿಯಲ್ಲಿ, ತಂಗಿ ಚಾಪೆಯ ಮೇಲೆ, ಉಳಿದ ಎಡಗಾಲು ಮಡಿಲಲ್ಲಿ. ಇದನ್ನು ಉಳಿಸಿಕೊಳ್ಳಬೇಕಾದರೆ ದಿನಾ ನೋಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬೆರಳ ಸಂದು, ಹಿಮ್ಮಡಿ, ಬುಡ. ಕೆಂಪಾಗಿದೆಯೇ, ಬಿರುಕು ಬಿಟ್ಟಿದೆಯೇ. ಟೇಲರಮ್ಮ ಕೈಕನ್ನಡಿ ಹಿಡಿದು ನೋಡುತ್ತಾಳೆ. ಕೂರುವ ಮೊದಲು ನೆಲವನ್ನು ಅಯಸ್ಕಾಂತದಿಂದ ಎರಡು ಸಲ ಗುಡಿಸಿರುತ್ತಾಳೆ. ನೋಡಿ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೊಟ್ಟ ನೈಲಾನ್ ಎಳೆ ತೆಗೆಯುತ್ತಾಳೆ. ಅದನ್ನು ದಿನಾ ಮಾಡಬೇಕಾಗಿಲ್ಲ ಎಂದು ನರ್ಸು ಹೇಳಿದ್ದರೂ ತೆಗೆಯುತ್ತಾಳೆ.

"ಕಣ್ಣು ಮುಚ್ಚು."

ಅಕ್ಕ ಮುಚ್ಚುತ್ತಾಳೆ.

ಮೊನ್ನೆ ಟೇಲರಮ್ಮ ಎಳೆಯನ್ನು ಹೆಬ್ಬೆರಳಿನ ತುದಿಗೆ ತಾಗಿಸಿದಳು. ಅಕ್ಕ ಸುಮ್ಮನಿದ್ದಳು. ನಡುಪಾದಕ್ಕೆ ತಾಗಿಸಿದಳು. ಸುಮ್ಮನಿದ್ದಳು. ಟೇಲರಮ್ಮ ಕೈ ಹಿಂದಕ್ಕೆ ತೆಗೆದು, ಎಳೆಯನ್ನು ಗಾಳಿಯಲ್ಲೇ ಹಿಡಿದು, ಮುಂದೆ ಎಲ್ಲಿ ಎಂದು ನೋಡುತ್ತಿದ್ದಳು.

"ಹೂಂ" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಈಗ ಗೊತ್ತಾಯ್ತು ನೋಡೇ."

ಟೇಲರಮ್ಮ ಎಳೆ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.

"ಗೊತ್ತಾಯ್ತಾ?" ಎಂದಳು. "ಸರಿ. ಇನ್ನೊಂದು ಸಲ."